ರೋಲರ್ ಕೋಸ್ಟರ್ ಹತ್ತಲು ಎಲ್ಲಿಗೆ ಹೋಗಬೇಕು? ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಒಂದು ಹೋಲಿಕೆ

ಬಳ್ಳಾರಿ, ರಾಯಚೂರು, ಕೊಪ್ಪಳ ಈ ಮೂರೂ ಜಿಲ್ಲೆಗಳಲ್ಲಿ ದೊಡ್ಡ ರೋಲರ್ ಕೋಸ್ಟರ್ ಇರುವ ಮನರಂಜನಾ ಪಾರ್ಕ್ ಒಂದೂ ಇಲ್ಲ. ಅದರ ಅನುಭವ ಬೇಕಾದವರು ಬೆಂಗಳೂರು ಸಮೀಪದ ಬಿಡದಿಯ ವಂಡರ್‌ಲಾ ಪಾರ್ಕಿಗೋ, ಹೈದರಾಬಾದಿನ ವಂಡರ್‌ಲಾಕ್ಕೋ, ಇನ್ನೂ ಮುಂದೆ ಮಹಾರಾಷ್ಟ್ರದ ಖೋಪೋಲಿಗೋ ಪ್ರಯಾಣ ಬೆಳೆಸಬೇಕಾಗುತ್ತದೆ. ಬೆಂಗಳೂರಿನವರು ರಜೆಯ ದಿನ ಬೆಳಿಗ್ಗೆ ಮನಸ್ಸಾದರೆ ಹೊರಟು ರಾತ್ರಿ ಊಟಕ್ಕೆ ಮನೆ ಸೇರಬಲ್ಲರು. ನಮ್ಮ ಕಡೆಯವರಿಗೆ ಒಂದು ರಾತ್ರಿಯ ರೈಲು ಅಥವಾ ನಾಲ್ಕೈದು ಗಂಟೆಗಳ ರಸ್ತೆ, ಇಡೀ ಕುಟುಂಬದ ಟಿಕೆಟ್ ಖರ್ಚು, ಕೆಲವೊಮ್ಮೆ ಲಾಡ್ಜಿನ ಬಾಡಿಗೆ ಎಲ್ಲವೂ ಸೇರಿ ಅದು ವರ್ಷಕ್ಕೊಮ್ಮೆ ಮಾಡುವ ಪ್ರವಾಸವಾಗುತ್ತದೆ. ಹೀಗಿರುವಾಗ ಯಾವ ಪಾರ್ಕ್ ದೊಡ್ಡದು, ಯಾವುದರ ಜಾಹೀರಾತು ಚೆಂದ ಎಂದು ನೋಡಿ ಹೊರಡುವುದಕ್ಕಿಂತ, ನಮ್ಮ ಜೊತೆ ಬರುವವರಲ್ಲಿ ಎಷ್ಟು ಜನ ಅಲ್ಲಿ ಯಾವುದನ್ನು ಹತ್ತಬಲ್ಲರು ಮತ್ತು ನಮ್ಮ ಊರು ಯಾವ ರೈಲು ದಾರಿಯ ಮೇಲಿದೆ ಎಂಬ ಎರಡು ಸಂಗತಿಗಳಿಂದ ಲೆಕ್ಕ ಹಾಕುವುದು ಸರಿಯೆಂದು ನನ್ನ ಅಭಿಪ್ರಾಯ.

ಮೊದಲನೆಯ ಲೆಕ್ಕವನ್ನು ಮನೆಯಲ್ಲಿಯೇ ಮುಗಿಸಬಹುದು. ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ಒರಗಿಸಿ ನಿಲ್ಲಿಸಿ, ಚಪ್ಪಲಿ ಬಿಚ್ಚಿಸಿ, ಟೇಪು ಹಿಡಿದು ಎತ್ತರ ಅಳೆಯಬೇಕು. ದೊಡ್ಡ ಪಾರ್ಕುಗಳಲ್ಲಿ ರಭಸದ ಸವಾರಿಗಳಿಗೆ ಸಾಮಾನ್ಯವಾಗಿ 140 ಸೆಂ.ಮೀ. ಎತ್ತರ ಬೇಕಾಗುತ್ತದೆ, ಪ್ರತಿ ಸವಾರಿಯ ಬಾಗಿಲಲ್ಲಿಯೂ ಅಳತೆಯ ಗುರುತಿದ್ದು, ಅದಕ್ಕಿಂತ ಒಂದು ಬೆರಳು ಕಡಿಮೆಯಿದ್ದರೂ ಸಿಬ್ಬಂದಿ ಒಳಗೆ ಬಿಡುವುದಿಲ್ಲ. ಅವರು ಹಾಗೆ ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ. ಭುಜದ ಮೇಲಿಂದ ಇಳಿದು ಎದೆಯನ್ನು ಒತ್ತಿ ಹಿಡಿಯುವ ಕಬ್ಬಿಣದ ಪಟ್ಟಿಯನ್ನು ಒಂದು ನಿರ್ದಿಷ್ಟ ಗಾತ್ರದ ದೇಹಕ್ಕೆ ಹೊಂದುವಂತೆ ಮಾಡಿರುತ್ತಾರೆ. ಚಿಕ್ಕ ಮೈಯ ಮಗು ತಲೆಕೆಳಗಾದಾಗ ಆ ಪಟ್ಟಿಯ ಸಂದಿನಲ್ಲಿ ಜಾರುವ ಅಪಾಯವಿರುತ್ತದೆ. ಆದ್ದರಿಂದ ಮನೆಯ ಮಕ್ಕಳೆಲ್ಲ ನಾಲ್ಕನೆಯ, ಐದನೆಯ ತರಗತಿಯೊಳಗಿನವರಾಗಿದ್ದರೆ, ಕೋಸ್ಟರಿಗೆಂದೇ ದೂರ ಪ್ರಯಾಣ ಮಾಡುವುದನ್ನು ಎರಡು ಮೂರು ವರ್ಷ ಮುಂದೂಡುವುದೇ ಒಳ್ಳೆಯದು. ಅಣ್ಣ ಹತ್ತಿದನೆಂದು, ತನ್ನನ್ನು ಬಿಡಲಿಲ್ಲವೆಂದು ಅಳುವ ಮಗುವನ್ನು ಬಿಸಿಲಲ್ಲಿ ಎತ್ತಿಕೊಂಡು ನಿಲ್ಲುವ ಅಜ್ಜಿಯ ಪಾಡನ್ನು ಯಾವ ಪಾರ್ಕಿನಲ್ಲಿ ಬೇಕಾದರೂ ನೋಡಬಹುದು.

ದೊಡ್ಡವರ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಹೃದಯದ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಕುತ್ತಿಗೆ ಅಥವಾ ಸೊಂಟದ ನೋವು, ಇತ್ತೀಚಿನ ಶಸ್ತ್ರಚಿಕಿತ್ಸೆ ಇವುಗಳಲ್ಲಿ ಯಾವುದಿದ್ದರೂ, ಹಾಗೆಯೇ ಗರ್ಭಿಣಿಯರಾಗಿದ್ದರೂ, ಈ ಸವಾರಿಗಳು ಸಲ್ಲವು. ಗದ್ದೆ ಕೆಲಸ, ಮೂಟೆ ಹೊರುವ ಕೆಲಸ ಮಾಡಿ ಸೊಂಟ ಹಿಡಿದವರು ನಮ್ಮಲ್ಲಿ ಬಹಳ. ನೋವನ್ನು ಹೇಳಿಕೊಳ್ಳಲು ಸಂಕೋಚಪಟ್ಟು ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಕುಳಿತುಬಿಡುವವರನ್ನು ಮನೆಯವರೇ ತಡೆಯಬೇಕು.

ಇನ್ನು ದಾರಿಯ ಲೆಕ್ಕ. ರಾಯಚೂರಿನವರಿಗೆ ಹೈದರಾಬಾದಿನ ವಂಡರ್‌ಲಾ ಸಹಜವಾದ ಆಯ್ಕೆ. 2016ರಲ್ಲಿ ಆರಂಭವಾದ ಈ ಪಾರ್ಕ್ ನಗರದ ಒಳಗಿಲ್ಲ; ದಕ್ಷಿಣದ ಅಂಚಿನ ರಾವಿರಾಲದಲ್ಲಿ, ಹೊರವರ್ತುಲ ರಸ್ತೆಗೆ ಹೊಂದಿಕೊಂಡಿದೆ. ರಾಯಚೂರಿನಿಂದ ಶಕ್ತಿನಗರದ ಬಳಿ ಕೃಷ್ಣಾ ನದಿ ದಾಟಿ, ಮಕ್ತಲ್, ಮಹಬೂಬ್‌ನಗರ, ಜಡ್ಚರ್ಲಾ ಮಾರ್ಗವಾಗಿ ಬೆಂಗಳೂರು–ಹೈದರಾಬಾದ್ ಹೆದ್ದಾರಿ ಹಿಡಿದವರು ಶಂಶಾಬಾದಿನಲ್ಲಿಯೇ ಹೊರವರ್ತುಲ ರಸ್ತೆಗೆ ತಿರುಗಬಹುದಾದ್ದರಿಂದ, ನಗರದ ವಾಹನ ದಟ್ಟಣೆಗೆ ಸಿಕ್ಕಿಕೊಳ್ಳುವ ಪ್ರಸಂಗವೇ ಬರುವುದಿಲ್ಲ. ದೂರ ಸುಮಾರು 200 ಕಿ.ಮೀ. ಬೆಳಗಿನ ಜಾವ ಹೊರಟರೆ ಬಾಗಿಲು ತೆರೆಯುವ ಹೊತ್ತಿಗೆ ಮುಟ್ಟಿ, ಸಂಜೆ ಹೊರಟು ಮಧ್ಯರಾತ್ರಿಯ ಒಳಗೆ ಮನೆಗೆ ಮರಳುವುದು ಸಾಧ್ಯ. ಆದರೆ ದಿನವಿಡೀ ಬಿಸಿಲಲ್ಲಿ, ನೀರಿನಲ್ಲಿ ಆಡಿ ದಣಿದವರೇ ರಾತ್ರಿ ಸ್ಟೀರಿಂಗ್ ಹಿಡಿಯುವುದು ತರವಲ್ಲ. ಚಾಲಕರೊಬ್ಬರನ್ನು ಗೊತ್ತುಮಾಡಿಕೊಂಡು ಹೋಗುವುದಕ್ಕೆ ತಗಲುವ ಹಣ ಎಲ್ಲಕ್ಕಿಂತ ಸಾರ್ಥಕವಾದ ಖರ್ಚು.

ಬಳ್ಳಾರಿ ಮತ್ತು ಕೊಪ್ಪಳದವರಿಗೆ ಲೆಕ್ಕ ತಿರುವುಮುರುವಾಗುತ್ತದೆ. ಬಳ್ಳಾರಿಯಿಂದ ಹೈದರಾಬಾದ್ ಸುಮಾರು 350 ಕಿ.ಮೀ., ಬೆಂಗಳೂರು ಸುಮಾರು 300 ಕಿ.ಮೀ.; ಅಂತರ ದೊಡ್ಡದಲ್ಲವಾದರೂ ಹಂಪಿ ಎಕ್ಸ್‌ಪ್ರೆಸ್ ಎಂಬ ರಾತ್ರಿ ರೈಲು ತಕ್ಕಡಿಯನ್ನು ಬೆಂಗಳೂರಿನ ಕಡೆಗೆ ವಾಲಿಸುತ್ತದೆ. ಹುಬ್ಬಳ್ಳಿಯಿಂದ ಹೊರಟು ಕೊಪ್ಪಳ, ಹೊಸಪೇಟೆ, ಬಳ್ಳಾರಿಗಳಲ್ಲಿ ಜನರನ್ನು ಹತ್ತಿಸಿಕೊಂಡು, ಬೆಳಿಗ್ಗೆ ಬೆಂಗಳೂರು ಮುಟ್ಟಿ, ಮುಂದೆ ಮೈಸೂರಿಗೆ ಹೋಗುವ ಈ ರೈಲು ಬಿಡದಿಯ ದಾರಿಯಲ್ಲಿಯೇ ಸಾಗುತ್ತದೆ. ಬೆಂಗಳೂರಿನಲ್ಲಿ ಇಳಿದವರು ಮೆಜೆಸ್ಟಿಕ್‌ನಿಂದ ಮೆಟ್ರೊದ ನೇರಳೆ ಮಾರ್ಗ ಹಿಡಿದು ಕೆಂಗೇರಿ ದಾಟಿ ಚಲ್ಲಘಟ್ಟದವರೆಗೆ ಹೋಗಬಹುದು. 2023ರ ಅಕ್ಟೋಬರಿನಿಂದ ಈ ಅನುಕೂಲವಿದೆ. ಅಲ್ಲಿಂದ ಮುಂದಿನ ಹಾದಿಗೆ ಮೈಸೂರು ರಸ್ತೆಯ ಬಸ್ಸು, ಆಟೊಗಳಿವೆ. ಸ್ನಾನ, ತಿಂಡಿ ಮುಗಿಸಲು ಬೆಂಗಳೂರಿನ ನಿಲ್ದಾಣದಲ್ಲಿಯೇ ವ್ಯವಸ್ಥೆ ಇರುವುದರಿಂದ ಆ ದಿನದ ಮಟ್ಟಿಗೆ ಲಾಡ್ಜ್ ಹುಡುಕುವ ಅಗತ್ಯವೂ ಬರುವುದಿಲ್ಲ. ಪಾರ್ಕಿನ ಪಕ್ಕದಲ್ಲಿಯೇ ಉಳಿಯಬೇಕೆನ್ನುವವರಿಗೆ ಬಿಡದಿಯ ವಂಡರ್‌ಲಾಕ್ಕೆ ಸೇರಿದ ರೆಸಾರ್ಟ್ ಇದೆ.

ಹಣದ ಲೆಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಮರೆಯಬಾರದು. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ರಾಜ್ಯದೊಳಗಿನ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಈ ಸೌಲಭ್ಯ ಅಂತರರಾಜ್ಯ ಬಸ್ಸುಗಳಿಗೆ, ರಾಜಹಂಸ, ಸ್ಲೀಪರ್‌ಗಳಿಗೆ ಅನ್ವಯಿಸದು. ನಾಲ್ಕು ಜನ ಹೆಣ್ಣುಮಕ್ಕಳಿರುವ ಕುಟುಂಬ ಬಳ್ಳಾರಿಯಿಂದ ಬೆಂಗಳೂರಿಗೆ ಹೋಗಿಬರುವುದಕ್ಕೂ ಹೈದರಾಬಾದಿಗೆ ಹೋಗಿಬರುವುದಕ್ಕೂ ಬಸ್ಸಿನ ಖರ್ಚಿನಲ್ಲಿಯೇ ಕಣ್ಣಿಗೆ ಕಾಣುವ ವ್ಯತ್ಯಾಸ ಬರುತ್ತದೆ.

ಹಾಗಾದರೆ ಸವಾರಿಯ ಗುಣದಲ್ಲಿ ಈ ಎರಡು ವಂಡರ್‌ಲಾಗಳಲ್ಲಿ ಯಾವುದು ಮೇಲು ಎಂದು ಕೇಳುವವರಿದ್ದಾರೆ. ಕೋಸ್ಟರಿನ ಮಟ್ಟಿಗೆ ಹೇಳುವುದಾದರೆ, ಎರಡೂ ಕಡೆ ‘ರಿಕಾಯಿಲ್’ ಎಂಬ ಒಂದೇ ಬಗೆಯ ಸವಾರಿಯಿದೆ. ನೆದರ್ಲೆಂಡ್ಸಿನ ವೆಕೊಮಾ ಕಂಪನಿಯ ಬೂಮರಾಂಗ್ ಎಂಬ ಈ ಮಾದರಿ 1984ರಿಂದ ಜಗತ್ತಿನ ಅನೇಕ ಪಾರ್ಕುಗಳಲ್ಲಿ ನೆಲೆಗೊಂಡಿದೆ. ಇದರ ಕೆಲಸವನ್ನು ಕೆಳಗಿನಿಂದ ಐದು ನಿಮಿಷ ನಿಂತು ನೋಡಿದರೆ ಅರ್ಧ ಭಯ ಇಳಿಯುತ್ತದೆ. ಹಳಿ ಸುತ್ತು ಬಂದು ಸೇರುವುದಿಲ್ಲ. ಎರಡು ತುದಿಗಳೂ ಆಕಾಶಕ್ಕೆ ಮುಖ ಮಾಡಿ ನಿಂತಿರುತ್ತವೆ. ರೈಲನ್ನು ನಿಲ್ದಾಣದಿಂದ ಹಿಮ್ಮುಖವಾಗಿ ಮೊದಲ ದಿಬ್ಬದ ಮೇಲಕ್ಕೆ ಎಳೆದು, ಸುಮಾರು 35 ಮೀಟರ್ ಎತ್ತರದಿಂದ ಬಿಟ್ಟುಬಿಡುತ್ತಾರೆ. ಅಲ್ಲಿಂದಾಚೆ ಅದನ್ನು ಓಡಿಸುವುದಕ್ಕೆ ಯಾವ ಎಂಜಿನ್ನೂ ಇಲ್ಲ. ಎತ್ತರದಲ್ಲಿ ಗಳಿಸಿದ ಶಕ್ತಿಯೇ ವೇಗವಾಗಿ, ರೈಲು ನಿಲ್ದಾಣವನ್ನು ಸೀಳಿಕೊಂಡು ಹೋಗಿ, ಮೂರು ಸಲ ತಲೆಕೆಳಗಾಗಿ, ಎದುರಿನ ದಿಬ್ಬವನ್ನು ಏರುತ್ತದೆ. ಅಲ್ಲಿ ಸರಪಳಿ ಅದನ್ನು ಹಿಡಿದು ಇನ್ನಷ್ಟು ಮೇಲಕ್ಕೆ ಒಯ್ದು ಮತ್ತೆ ಬಿಡುತ್ತದೆ. ಬಂದ ದಾರಿಯನ್ನೇ, ಈ ಬಾರಿ ಬೆನ್ನು ಮುಂದಾಗಿ, ಇನ್ನೂ ಮೂರು ಸಲ ತಲೆಕೆಳಗಾಗುತ್ತ ಕ್ರಮಿಸಬೇಕು. ವೇಗ ಗಂಟೆಗೆ 75 ಕಿ.ಮೀ. ಆಸುಪಾಸು. ಎರಡು ನಿಮಿಷ ತುಂಬುವುದರೊಳಗೆ ಎಲ್ಲವೂ ಮುಗಿದಿರುತ್ತದೆ.

ಮುಂದಿನ ಸೀಟೋ ಹಿಂದಿನ ಸೀಟೋ ಎಂಬ ಜಗಳ ಪ್ರತಿ ಸಾಲಿನಲ್ಲಿಯೂ ನಡೆಯುತ್ತದೆ. ಸಾಮಾನ್ಯ ಕೋಸ್ಟರುಗಳಲ್ಲಿ ಮುಂದೆ ಕುಳಿತವರಿಗೆ ನೋಟ ಹೆಚ್ಚು. ಹಿಂದೆ ಕುಳಿತವರಿಗೆ ಎಳೆತ ಹೆಚ್ಚು, ಏಕೆಂದರೆ ಮುಂದಿನ ಬೋಗಿಗಳು ಆಗಲೇ ಇಳಿಜಾರಿನಲ್ಲಿರುವಾಗ ಹಿಂದಿನವರು ದಿಬ್ಬದ ನೆತ್ತಿಯನ್ನು ಹೆಚ್ಚು ವೇಗದಲ್ಲಿ ದಾಟಬೇಕಾಗುತ್ತದೆ ಮತ್ತು ಆ ಕ್ಷಣದಲ್ಲಿ ಸೀಟಿನಿಂದ ಮೇಲೆದ್ದಂತಾಗುತ್ತದೆ. ರಿಕಾಯಿಲ್‌ನಲ್ಲಿ ಹೋಗುವಾಗ ಮುಂದಿದ್ದವರೇ ಬರುವಾಗ ಹಿಂದಾಗುವುದರಿಂದ ಈ ಜಗಳಕ್ಕೆ ಅರ್ಥವಿಲ್ಲ. ಬಯಲಿನಲ್ಲಿ ನಿಂತು ಅದರ ಹಳಿ ತಲೆಕೆಳಗಾಗಿ ಹೊರಳುವ ಸುತ್ತನ್ನು ಗಮನಿಸಿದವರಿಗೆ ಅದು ಪೂರ್ಣ ವೃತ್ತವಲ್ಲ, ಮೇಲೆ ಕಿರಿದಾಗಿ ಕೆಳಗೆ ಅಗಲವಾಗಿರುವ ಹನಿಯ ಆಕಾರದ್ದು ಎಂಬುದು ಕಾಣುತ್ತದೆ. ನಿಜವಾದ ವೃತ್ತವಾಗಿದ್ದರೆ ರೈಲು ಒಳನುಗ್ಗುವಾಗ ಕುತ್ತಿಗೆಯ ಮೇಲೆ ಬೀಳುವ ಭಾರ ತಡೆಯಲಾರದಷ್ಟಾಗುತ್ತಿತ್ತು. ಬುಡದಲ್ಲಿ ಬಾಗನ್ನು ನಿಧಾನವಾಗಿ ತೆಗೆದು, ನೆತ್ತಿಯಲ್ಲಿ ಬಿಗಿ ಮಾಡಿದ್ದರಿಂದಲೇ ಅದು ಮನುಷ್ಯರು ಕೂರಬಹುದಾದ ಸವಾರಿಯಾಗಿದೆ. ಅದೇನೇ ಇರಲಿ, ಕೋಸ್ಟರ್ ಒಂದೇ ಬಗೆಯದ್ದಾಗಿರುವಾಗ ರಾಯಚೂರಿನವರು ಅದಕ್ಕಾಗಿ ಬಿಡದಿಗೆ, ಬಳ್ಳಾರಿಯವರು ಅದಕ್ಕಾಗಿ ರಾವಿರಾಲಕ್ಕೆ ಹೋಗುವುದರಲ್ಲಿ ಹುರುಳಿಲ್ಲ. ನಂಟರ ಮನೆ, ಮದುವೆ, ಆಸ್ಪತ್ರೆಯ ಕೆಲಸ ಏನಾದರೂ ಇದ್ದರೆ ಆ ಮಾತು ಬೇರೆ. ಬಿಡದಿಯ ಪಾರ್ಕ್ 2005ರದ್ದು. ಮರಗಳು ಬೆಳೆದು ನೆರಳು ತುಂಬಿದೆ, ಬೇಸಿಗೆಯಲ್ಲಿಯೂ ಹವೆ ಸಹನೀಯ. ಹೈದರಾಬಾದಿನ ಏಪ್ರಿಲ್, ಮೇ ತಿಂಗಳ ಬಿಸಿಲು ನಮ್ಮ ಬಿಸಿಲಿನ ತಮ್ಮನೇ ಆದ್ದರಿಂದ ಅಲ್ಲಿಗೆ ನವೆಂಬರಿನಿಂದ ಫೆಬ್ರವರಿಯವರೆಗೆ ಹೋಗುವುದು ಲೇಸು.

ಕೋಸ್ಟರನ್ನೇ ಗುರಿಯಾಗಿಟ್ಟುಕೊಂಡು ಹೊರಡುವ ಯುವಕರಿಗೆ ಈ ಎರಡೂ ಸಾಲದೆ ಹೋಗಬಹುದು. ಅಂಥವರಿಗೆ ಮುಂಬೈ–ಪುಣೆ ನಡುವಿನ ಖೋಪೋಲಿಯಲ್ಲಿ 2013ರಲ್ಲಿ ಆರಂಭವಾದ ಇಮ್ಯಾಜಿಕಾ ಪಾರ್ಕ್ ಇದೆ. ಅಲ್ಲಿನ ‘ನೈಟ್ರೊ’ ಎಂಬ ಕೋಸ್ಟರ್ ಸ್ವಿಟ್ಜರ್ಲೆಂಡಿನ ಬೊಲಿಗರ್ ಅಂಡ್ ಮಾಬಿಲಾರ್ಡ್ ಕಂಪನಿ ಮಾಡಿಕೊಟ್ಟದ್ದು. ಎತ್ತರ ಸುಮಾರು 40 ಮೀಟರ್, ವೇಗ ಗಂಟೆಗೆ ಸುಮಾರು 105 ಕಿ.ಮೀ., ಐದು ಸಲ ತಲೆಕೆಳಗು. ಅಂಕಿಗಳಿಗಿಂತ ಅದರ ಬೋಗಿಯ ರಚನೆಯೇ ಬೇರೆ ಅನುಭವ ಕೊಡುತ್ತದೆ. ಎಲ್ಲರೂ ಕುಳಿತು ಪಟ್ಟಿ ಬಿಗಿದಾದ ಮೇಲೆ ಕಾಲ ಕೆಳಗಿನ ನೆಲವೇ ಸರಿದುಹೋಗುತ್ತದೆ. ಪಾದಗಳು ಹಳಿಯ ಮೇಲೆ ಗಾಳಿಯಲ್ಲಿ ತೂಗಾಡುತ್ತವೆ. ಅದೇ ಪಾರ್ಕಿನಲ್ಲಿ ಕತ್ತಲೆಯಲ್ಲಿ ಓಡುವ ‘ಡೀಪ್ ಸ್ಪೇಸ್’ ಎಂಬ ಒಳಾಂಗಣ ಕೋಸ್ಟರ್ ಸಹ ಇದೆ. ರಾಯಚೂರು ಮುಂಬೈ–ಚೆನ್ನೈ ಮುಖ್ಯ ಹಳಿಯ ಮೇಲಿರುವುದರಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಂಥ ರೈಲಿನಲ್ಲಿ ಕಲಬುರಗಿ, ಸೋಲಾಪುರ ದಾಟಿ ನೇರವಾಗಿ ಪುಣೆಗೆ ಹೋಗಬಹುದು. ಕೊಪ್ಪಳದವರಿಗೆ ಈ ಪ್ರಯಾಣ ಸುತ್ತಿನದು. ಹೋಗಿಬರಲು ಕನಿಷ್ಠ ಮೂರು ದಿನ ಬೇಕು, ಪುಣೆಯಲ್ಲೋ ಲೋಣಾವಳದಲ್ಲೋ ಒಂದು ರಾತ್ರಿ ತಂಗಬೇಕು. ವಂಡರ್‌ಲಾದಲ್ಲಿ ಒಂದೇ ಟಿಕೆಟ್ಟಿಗೆ ನೆಲದ ಆಟ, ನೀರಿನ ಆಟ ಎರಡೂ ಸಿಗುತ್ತವೆ. ಇಮ್ಯಾಜಿಕಾದಲ್ಲಿ ಥೀಮ್ ಪಾರ್ಕ್ ಬೇರೆ, ವಾಟರ್ ಪಾರ್ಕ್ ಬೇರೆ, ಟಿಕೆಟ್ಟೂ ಬೇರೆ. ಮಳೆಗಾಲದಲ್ಲಿ ಮಾತ್ರ ಅಲ್ಲಿಗೆ ಹೋಗಬಾರದು. ಅದು ಸಹ್ಯಾದ್ರಿಯ ಬುಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಯಲ್ಲಿ ಬಯಲಿನ ಸವಾರಿಗಳನ್ನು ಮತ್ತೆ ಮತ್ತೆ ನಿಲ್ಲಿಸಬೇಕಾಗುತ್ತದೆ. ಅಷ್ಟು ದೂರ ಹೋಗಿ ನೈಟ್ರೊದ ಹಳಿಯನ್ನು ಕೆಳಗಿನಿಂದ ನೋಡಿ ಬಂದಂತಾದೀತು.

ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯನ್ನು ಹಲವರು ಇದೇ ಪಟ್ಟಿಯಲ್ಲಿ ಸೇರಿಸುತ್ತಾರೆ. ನನಗೆ ಅದು ಬೇರೆಯೇ ಬಗೆಯ ಜಾಗ. 1996ರಲ್ಲಿ ಸ್ಥಾಪನೆಯಾದ, ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತಿ ದೊಡ್ಡ ಸಿನಿಮಾ ಸ್ಟುಡಿಯೊ ಸಮುಚ್ಚಯವೆಂದು ಹೆಸರಾದ, 1,666 ಎಕರೆಯ ಆ ಆವರಣದಲ್ಲಿ ಸೆಟ್ಟುಗಳು, ತೋಟಗಳು, ಪ್ರದರ್ಶನಗಳು ಮುಖ್ಯ. ಮಕ್ಕಳ ಆಟಗಳು ಪಕ್ಕವಾದ್ಯ. ಅಜ್ಜ ಅಜ್ಜಿ, ಚಿಕ್ಕ ಮಕ್ಕಳು, ಸೊಸೆಯಂದಿರು ಎಲ್ಲ ಸೇರಿ ಹೊರಟ ದೊಡ್ಡ ಕುಟುಂಬಕ್ಕೆ, ಬಸ್ಸಿನಲ್ಲಿ ಕೂರಿಸಿ ಸುತ್ತಾಡಿಸುವ ಈ ಜಾಗ ವಂಡರ್‌ಲಾಕ್ಕಿಂತ ಹೆಚ್ಚು ಒಪ್ಪುತ್ತದೆ. ರೋಲರ್ ಕೋಸ್ಟರಿನ ಆಸೆ ಹೊತ್ತು ಹೋಗುವ ಕಾಲೇಜು ಹುಡುಗರು ಮಾತ್ರ ನಿರಾಶರಾಗುತ್ತಾರೆ. ಅದು ನಗರದ ಇನ್ನೊಂದು ಕಡೆ, ವಿಜಯವಾಡ ರಸ್ತೆಯಲ್ಲಿರುವುದರಿಂದ ಒಂದೇ ದಿನದಲ್ಲಿ ಅದನ್ನೂ ವಂಡರ್‌ಲಾವನ್ನೂ ಮುಗಿಸುವ ಯೋಚನೆಯನ್ನು ಬಿಡುವುದು ಮೇಲು. ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಚಿಕ್ಕದು. ಅರಮನೆ, ಮೃಗಾಲಯ ನೋಡಲು ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಮೈಸೂರಿಗೇ ಹೋದವರು ಅರ್ಧ ದಿನ ಅಲ್ಲಿ ಕಳೆಯಬಹುದು, ಅಷ್ಟೆ.

ಪಾರ್ಕಿಗೆ ಹೋಗುವಷ್ಟು ಮಕ್ಕಳು ಬೆಳೆದಿಲ್ಲ, ಆದರೂ ಏನಾದರೂ ಹತ್ತಿಸಬೇಕು ಎನ್ನುವವರಿಗೆ ಜಾತ್ರೆಯ ತೊಟ್ಟಿಲು ಇದ್ದೇ ಇದೆ. ಜನವರಿಯ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆ, ಹುಲಿಗೆಮ್ಮನ ಜಾತ್ರೆ, ಸಿಂಧನೂರು ಕಡೆಯ ಅಂಬಾಮಠದ ಜಾತ್ರೆ ಇಂಥ ಕಡೆಗಳಲ್ಲಿ ಜಾಯಿಂಟ್ ವೀಲ್, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ರೈಲುಗಳು ಬಂದು ನಿಲ್ಲುತ್ತವೆ. ಖರ್ಚು ಕಡಿಮೆ, ಎತ್ತರದ ಗೊಡವೆಯಿಲ್ಲ, ಮಿರ್ಚಿ ಮಂಡಕ್ಕಿಯೂ ಕೈಗೆಟುಕುವಷ್ಟು ಹತ್ತಿರ. ಆದರೆ ಪಾರ್ಕಿನ ಸವಾರಿ ಕಾಂಕ್ರೀಟಿನಲ್ಲಿ ನೆಟ್ಟದ್ದು, ದಿನವೂ ಬೆಳಿಗ್ಗೆ ಖಾಲಿ ಓಡಿಸಿ ಪರೀಕ್ಷಿಸುವಂಥದ್ದು. ಜಾತ್ರೆಯದ್ದು ಕೆಲವು ವಾರಗಳಿಗೊಮ್ಮೆ ಬಿಚ್ಚಿ, ಲಾರಿಗೆ ಹೇರಿ, ಮತ್ತೊಂದು ಊರಿನಲ್ಲಿ ಕಟ್ಟುವಂಥದ್ದು. ಅದರ ಭದ್ರತೆ ಬೋಲ್ಟು, ಪಿನ್ನುಗಳ ಮೇಲೆಯೇ ನಿಂತಿರುತ್ತದೆ. ಆದ್ದರಿಂದ ಹತ್ತುವ ಮೊದಲು ಒಂದು ಸುತ್ತು ಹಾಕಿ ನೋಡಬೇಕು. ಕಂಬಗಳ ಬುಡಕ್ಕೆ ಇಟ್ಟ ಮರದ ದಿಮ್ಮಿಗಳು ಸಮನಾಗಿ ಕೂತಿವೆಯೇ, ಒಂದು ಕಡೆ ನೆಲಕ್ಕೆ ಇಳಿದಿವೆಯೇ ಎಂಬುದನ್ನು ಗಮನಿಸಬೇಕು. ನಮ್ಮ ಎರೆಭೂಮಿ ಒಂದು ಮಳೆ ಬಿದ್ದರೆ ಉಬ್ಬಿ, ಒಣಗಿದರೆ ಬಿರಿಯುವಂಥದ್ದಾದ್ದರಿಂದ ನಿನ್ನೆ ನೆಟ್ಟಗಿದ್ದದ್ದು ಇಂದು ವಾಲಿರಬಹುದು. ತೊಟ್ಟಿಲಿನ ಬಾಗಿಲ ಅಗುಳಿಗೆ ಪಿನ್ನು ಹಾಕಿದ್ದಾರೆಯೇ, ಅದರ ಬದಲಿಗೆ ತಂತಿಯ ತುಂಡನ್ನು ಸುತ್ತಿದ್ದಾರೆಯೇ ಎಂಬುದು ಹತ್ತಿರ ಹೋದರೆ ಬರಿಗಣ್ಣಿಗೇ ಕಾಣುತ್ತದೆ. ತಂತಿ ಕಂಡರೆ ಮಕ್ಕಳು ಎಷ್ಟು ಹಠ ಮಾಡಿದರೂ ಹತ್ತಿಸಬಾರದು. ಜನರ ಕೂಗಿಗೆ ಹುರುಪುಗೊಂಡು ವೇಗ ಏರಿಸುವ ನಿರ್ವಾಹಕನಿದ್ದರೆ ಆ ಸವಾರಿಯಿಂದಲೂ ದೂರವಿರುವುದು ಒಳಿತು.

ದೊಡ್ಡ ಪಾರ್ಕುಗಳಿಗೆ ಹೋಗುವವರು ಉಡುಗೆಯ ವಿಷಯವನ್ನು ಮೊದಲೇ ತಿಳಿದಿರಬೇಕು, ಏಕೆಂದರೆ ಇದರಿಂದ ಪೂರ್ತಿ ದಿನ ಕೆಟ್ಟ ಕುಟುಂಬಗಳಿವೆ. ನೀರಿನ ಆಟಗಳಿಗೆ ಸೀರೆ, ಚೂಡಿದಾರ, ಹತ್ತಿಯ ಬಟ್ಟೆ, ಪಂಚೆ ನಡೆಯುವುದಿಲ್ಲ. ನೈಲಾನ್ ಅಥವಾ ಪಾಲಿಸ್ಟರಿನ ಈಜುಡುಗೆಯೇ ಬೇಕು. ಒಳಗೆ ಕೊಳ್ಳಲು ಸಿಗುತ್ತದೆ, ಬೆಲೆ ಹೊರಗಿಗಿಂತ ಹೆಚ್ಚು. ಮೈ ಮುಚ್ಚುವ, ಮೊಣಕಾಲಿನ ಕೆಳಗೆ ಇಳಿಯುವ ಉಡುಗೆಗಳು ನಮ್ಮ ಪೇಟೆಯ ಕ್ರೀಡಾ ಸಾಮಗ್ರಿ ಅಂಗಡಿಗಳಲ್ಲಿಯೇ ದೊರೆಯುವುದರಿಂದ, ಸಂಕೋಚವಿರುವ ಹೆಣ್ಣುಮಕ್ಕಳಿಗೆ ಊರಿನಲ್ಲಿಯೇ ಕೊಡಿಸಿ ಕರೆದೊಯ್ಯುವುದು ಸೂಕ್ತ. ಕೋಸ್ಟರಿನಲ್ಲಿಯೂ ಇಳಿಬಿದ್ದ ದುಪಟ್ಟಾ, ಸೀರೆಯ ಸೆರಗು, ಸಡಿಲ ಚಪ್ಪಲಿ ಅಪಾಯಕಾರಿ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಇರಲಿ, ಫೋನು ಲಾಕರಿನಲ್ಲಿರಲಿ. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯನ್ನು ವಂಡರ್‌ಲಾದ ಬಾಗಿಲಲ್ಲಿಯೇ ತಡೆಯುತ್ತಾರೆ; ಅದನ್ನು ರೈಲಿನಲ್ಲಿಯೋ ಗಾಡಿಯಲ್ಲಿಯೋ ತಿಂದು ಮುಗಿಸಿ, ಒಳಗಿನ ಊಟದ ಖರ್ಚನ್ನು ಬೇರೆಯಾಗಿ ಲೆಕ್ಕ ಹಿಡಿಯಬೇಕು. ಹೊಟ್ಟೆ ತುಂಬ ಉಂಡು ತಕ್ಷಣ ತಲೆಕೆಳಗಾದರೆ ವಾಂತಿ ಖಚಿತ, ಆದ್ದರಿಂದ ರಭಸದ ಸವಾರಿಗಳನ್ನೆಲ್ಲ ಊಟಕ್ಕೆ ಮೊದಲು ಮುಗಿಸಿ, ಮಧ್ಯಾಹ್ನವನ್ನು ನೀರಿಗೆ ಬಿಡಬೇಕು.

ಸಾಲಿನ ವಿಷಯದಲ್ಲಿ ದಿನದ ಆಯ್ಕೆಗಿಂತ ದೊಡ್ಡ ಉಪಾಯವಿಲ್ಲ. ಶನಿವಾರ, ಭಾನುವಾರ, ದಸರಾ ರಜೆ, ಡಿಸೆಂಬರಿನ ಕೊನೆಯ ವಾರ ಇವುಗಳಲ್ಲಿ ಎರಡು ನಿಮಿಷದ ಸವಾರಿಗೆ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಟಿಕೆಟ್ ದರವೂ ವಾರಾಂತ್ಯದಲ್ಲಿ ಹೆಚ್ಚು. ಸಾಲು ತಪ್ಪಿಸುವ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಇದೆಯಾದರೂ, ಮಂಗಳವಾರವೋ ಬುಧವಾರವೋ ಹೋಗುವವರಿಗೆ ಅದು ದಂಡದ ಖರ್ಚು. ಪರೀಕ್ಷೆ ಮುಗಿದ ಮಕ್ಕಳನ್ನು ಕರೆದೊಯ್ಯುವವರು ಮಾರ್ಚ್ ಕೊನೆಯ ವಾರದ ನಡುದಿನಗಳನ್ನು ನೋಡಿಕೊಳ್ಳಲಿ. ಬೆಂಗಳೂರು ಕಡೆ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಳೆ ಬಂದರೆ ಎತ್ತರದ ಸವಾರಿಗಳನ್ನು ನಿಲ್ಲಿಸುತ್ತಾರೆ. ಅದಕ್ಕೆಂದೇ ಬಾಗಿಲು ತೆರೆದ ಕೂಡಲೇ ಮೊದಲು ರಿಕಾಯಿಲ್ ಕಡೆಗೆ ನಡೆಯಬೇಕು, ಬಟ್ಟೆ ಬದಲಿಸುವ ಕೋಣೆಯ ಕಡೆಗಲ್ಲ.

ಶಾಲೆಯಿಂದ ಮಕ್ಕಳನ್ನು ಕರೆದೊಯ್ಯುವ ಶಿಕ್ಷಕರಿಗೆ ಒಂದು ಮಾತು. ವಂಡರ್‌ಲಾದಲ್ಲಿ ಮಕ್ಕಳ ಟಿಕೆಟನ್ನು ನಿರ್ಧರಿಸುವುದು ವಯಸ್ಸಲ್ಲ, ಎತ್ತರ. ಏಳನೆಯ ತರಗತಿಯಲ್ಲಿ ಒಂದೇ ಬೆಂಚಿನ ಇಬ್ಬರಲ್ಲಿ ಒಬ್ಬನಿಗೆ ದೊಡ್ಡವರ ದರ, ಇನ್ನೊಬ್ಬನಿಗೆ ಮಕ್ಕಳ ದರ ಬೀಳಬಹುದು. ಹಣ ಸಂಗ್ರಹಿಸುವ ಮೊದಲೇ ಎಲ್ಲರ ಎತ್ತರ ಬರೆದುಕೊಂಡು, ಪಾರ್ಕಿನವರನ್ನು ಸಂಪರ್ಕಿಸಿ ಗುಂಪಿನ ರಿಯಾಯಿತಿ ಕೇಳಿ, ಆಮೇಲೆ ಪಾಲಕರಿಗೆ ಮೊತ್ತ ತಿಳಿಸುವುದು ಉತ್ತಮ. ರಾಯಚೂರು ಜಿಲ್ಲೆಯ ಶಾಲೆಗಳು ರಾವಿರಾಲವನ್ನು, ಕೊಪ್ಪಳ ಮತ್ತು ಬಳ್ಳಾರಿಯವು ಬಿಡದಿಯ ಜೊತೆ ಮೈಸೂರನ್ನು ಸೇರಿಸಿಕೊಂಡರೆ ಬಸ್ಸಿನ ಬಾಡಿಗೆ ಹೆಚ್ಚು ಏರದು.